ಚಿತ್ರತುರಗವೂ ಕಟ್ಟಡದ ಕಂಪನವೂ

ಸಿಮ್ಯುಲೇಷನ್ ಎಂಬ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಅನುಕರಣವೆಂಬ ಶಬ್ದವು ಬಳಕೆಗೆ ಬಂದಿದೆ. ಶಾಸ್ತ್ರವು ಹೊಸದಾದರೂ ಶಬ್ದದ ಹಿಂದೆ ಹಳೆಯದೊಂದು ವಾದವಿದೆ. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಅರಿವು ಚಿತ್ರದ ಕುದುರೆಯನ್ನು ಕುದುರೆಯೆಂದು ಅರಿಯುವಂತಹುದು. ಅದು ನಿಜಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ ಎಂಬುದು ಶ್ರೀಶಂಕುಕನ ಪಕ್ಷ. ಅನುಕಾರ್ಯವನ್ನು ಯಾರೂ ಕಂಡಿಲ್ಲದಿರುವಾಗ ಇದು ಅದರ ಅನುಕರಣವೆಂದು ತಿಳಿಯುವುದೆಂತು ಎಂಬುದು ಭಟ್ಟತೌತನ ಆಕ್ಷೇಪ. ಇವೆರಡನ್ನೂ ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ಉಳಿಸಿಕೊಟ್ಟಿದ್ದಾನೆ. ಈ ಆಕ್ಷೇಪವು ನಾಟ್ಯಶಾಲೆಯನ್ನು ದಾಟಿ ಇಂದು ಗೃಹಸ್ಥನ ಮನೆಯ ಗೋಡೆಯವರೆಗೆ ಬಂದಿದೆ.

ಬೆಂಗಳೂರು ದಂಡಿನ ಬೆನ್ಸನ್ ಟೌನನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ದಂಡಿಗೆ 1864ರಲ್ಲಿಯೇ ಜೋಲಾರಪೇಟೆಯಿಂದ ರೈಲು ಬಂದಿತು. ಈಗ ಅದೇ ನೆರೆಯಲ್ಲಿ, ದಂಡು ನಿಲ್ದಾಣದಿಂದ ಪಾಟರಿ ಟೌನಿನ ಕಡೆಗೆ, ಮೆಟ್ರೊ ರೈಲಿನ ಸುರಂಗವು ನೆಲದಡಿಯಲ್ಲಿ ಸಾಗಿದೆ. ಇಟ್ಟಿಗೆ ಗಾರೆಗಳ ಹಳೆಯ ಮನೆಯೂ ಕಾಂಕ್ರೀಟಿನ ಹೊಸ ಮಹಡಿಯೂ ಅಕ್ಕಪಕ್ಕದಲ್ಲಿರುವಲ್ಲಿ ಗಾಡಿಯ ಅದಿರಾಟವು ಯಾವ ಗೋಡೆಯನ್ನು ಎಷ್ಟು ಮುಟ್ಟೀತೆಂಬುದು ಬರಿಯ ಗಣಿತದ ಪ್ರಶ್ನೆಯಲ್ಲ. ಗಾಡಿಯ ಭಾರವು ನಿಂತ ಭಾರವಲ್ಲ, ಓಡುವ ಭಾರ. ಗಂಟೆಗೆ 72 ಕಿಲೋಮೀಟರಿನಂತೆ ಹೋಗುವ ಗಾಡಿಯು ಸೆಕೆಂಡಿಗೆ 20 ಮೀಟರು ಸಾಗುತ್ತದೆ. ಹಳಿಯ ಆಧಾರಗಳು 0.6 ಮೀಟರು ಅಂತರದಲ್ಲಿದ್ದರೆ ಒಂದೊಂದು ಗಾಲಿಯೂ ಸೆಕೆಂಡಿಗೆ ಸುಮಾರು 33 ಆಧಾರಗಳ ಮೇಲೆ ಹಾಯುತ್ತದೆ. ಓಡುವ ಭಾರದ ವಿಚಾರವೇನೋ ಹಳೆಯದು. 1847ರಲ್ಲಿ ಇಂಗ್ಲೆಂಡಿನ ಡೀ ಹೊಳೆಯ ಸೇತುವೆಯು ರೈಲಿನಡಿಯಲ್ಲಿ ಮುರಿದ ತರುವಾಯ, 1849ರಲ್ಲಿ ಸ್ಟೋಕ್ಸನು ಇದರ ಸಮೀಕರಣವನ್ನು ಬಿಡಿಸಿ ತೋರಿಸಿದನು.

ಈಗ ಇದಕ್ಕೆ ಬಳಸುವುದು ಫೈನೈಟ್ ಎಲಿಮೆಂಟ್, ಎಂದರೆ ಪರಿಮಿತಖಂಡಗಳ ವಿಧಾನ. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬವರ 1956ರ ಲೇಖನದಿಂದ ಪ್ರಸಿದ್ಧವಾದ ಇದಕ್ಕೆ 1960ರಲ್ಲಿ ಈ ಹೆಸರಿಟ್ಟವನು ಕ್ಲಫ್. ಕಟ್ಟಡವನ್ನೂ ಮಣ್ಣನ್ನೂ ಚಿಕ್ಕ ಖಂಡಗಳಾಗಿ ವಿಂಗಡಿಸುವುದು. ಖಂಡಗಳು ಕೂಡುವ ಗಂಟುಗಳ ಚಲನೆಯನ್ನು ಮಾತ್ರ ಅಜ್ಞಾತವೆಂದು ಇಟ್ಟುಕೊಳ್ಳುವುದು. ಜಡತ್ವದ ಬಲ, ಕಂಪನವನ್ನು ತಣಿಸುವ ಶಮನದ ಬಲ, ಬಿಗುವಿನ ಬಲ ಈ ಮೂರರ ಮೊತ್ತವು ಕ್ಷಣಕ್ಷಣಕ್ಕೂ ಹೊರಗಿನ ಭಾರಕ್ಕೆ ಸಮನಾಗುವಂತೆ ಲೆಕ್ಕ ಮಾಡುವುದು. ಕಾಲದಲ್ಲಿ ಹೀಗೆ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುವ ಕ್ರಮಗಳಲ್ಲಿ ನ್ಯೂಮಾರ್ಕನು 1959ರಲ್ಲಿ ಹೇಳಿದುದು ಇಂದಿಗೂ ಬಳಕೆಯಲ್ಲಿದೆ.

ಈ ಅನುಕರಣವು ನಿಜವನ್ನು ಮುಟ್ಟಬಲ್ಲದೆಂಬುದಕ್ಕೆ ಕೃಷ್ಣೆಯ ಉಪನದಿಯಾದ ಕೊಯ್ನೆಯ ಅಣೆಕಟ್ಟು ಸಾಕ್ಷಿ. ಸುಮಾರು 103 ಮೀಟರು ಎತ್ತರದ ಈ ಕಟ್ಟೆಯನ್ನು ರಚಿಸುವಾಗ ಭೂಕಂಪವನ್ನು ಗುರುತ್ವದ ಇಪ್ಪತ್ತನೆಯ ಒಂದು ಭಾಗದ ಸ್ಥಿರಬಲವೆಂದು ಎಣಿಸಲಾಗಿತ್ತು. ಆ ಲೆಕ್ಕದಲ್ಲಿ ಬಿರುಕಿಗೆ ಎಡೆಯಿರಲಿಲ್ಲ. 1967ನೆಯ ಡಿಸೆಂಬರ್ 11ರ ಭೂಕಂಪದಲ್ಲಿ ಕಟ್ಟೆಯ ಮೇಲ್ಭಾಗದಲ್ಲಿ, ಹಿಂಬದಿಯ ಇಳಿಜಾರು ಬದಲಾಗುವ ಮಟ್ಟದ ಸುತ್ತಮುತ್ತ, ಬಿರುಕುಗಳು ಕಂಡವು. ಚೋಪ್ರಾ, ಚಕ್ರಬರ್ತಿ ಇವರು 1973ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಅಲ್ಲಿಯೇ ದಾಖಲಾಗಿದ್ದ ನೆಲದ ಚಲನೆಯನ್ನು ಖಂಡವಿಧಾನಕ್ಕೆ ಒಡ್ಡಿದಾಗ, ಕಾಂಕ್ರೀಟು ತಾಳಲಾರದ ಸೆಳೆತವು ಆ ಎಡೆಯಲ್ಲಿಯೇ ಕಾಣಿಸಿತು. ಮೊದಲನೆಯ ಲೆಕ್ಕದ ದೋಷವು ಕೂಡುಕಳೆಯುವಿಕೆಯಲ್ಲಿ ಇರಲಿಲ್ಲ. ಚಲಿಸುವುದನ್ನು ಅಚಲವೆಂದು ಚಿತ್ರಿಸಿದುದರಲ್ಲಿ ಇತ್ತು.

ಆದರೆ ಒಂದು ಭೇದವನ್ನು ಮರೆಯಲಾಗದು. ಕೊಯ್ನೆಯಲ್ಲಿ ಬಿರುಕು ಮೊದಲು, ಲೆಕ್ಕ ಆಮೇಲೆ, ಅನುಕಾರ್ಯವು ಕಣ್ಣೆದುರಿಗಿತ್ತು. ಗಾಡಿ ಓಡುವುದಕ್ಕೆ ಮುಂಚೆಯೇ ಮಾಡುವ ಲೆಕ್ಕದಲ್ಲಿ ಅನುಕಾರ್ಯವಿನ್ನೂ ಹುಟ್ಟಿರುವುದಿಲ್ಲ. ಭಟ್ಟತೌತನ ಆಕ್ಷೇಪಕ್ಕೆ ಪೂರ್ಣಬಲ ಬರುವುದು ಇಲ್ಲಿಯೇ. ಆಗ ವಿಮರ್ಶಕನು ಕೇಳಬೇಕಾದುವು ಮೂರು. ಮೊದಲನೆಯದು ಖಂಡದ ಗಾತ್ರ. ಮಣ್ಣಿನಲ್ಲಿ ಅಡ್ಡ ಅಲೆಯು ಸೆಕೆಂಡಿಗೆ 200 ಮೀಟರು ಸಾಗುವುದಾದರೆ, 33 ಸಲದ ಕಂಪನದ ಅಲೆಯ ಉದ್ದ ಸುಮಾರು 6 ಮೀಟರು; ಒಂದು ಅಲೆಗೆ ಎಂಟು ಹತ್ತು ಖಂಡಗಳಾದರೂ ಬೇಕು. 3 ಮೀಟರಿನ ಖಂಡಗಳನ್ನಿಟ್ಟರೆ ಅಲೆಯು ಲೆಕ್ಕದಲ್ಲಿಯೇ ಕೆಟ್ಟುಹೋಗಿ, ಗೋಡೆಯು ಶಾಂತವಾಗಿರುವಂತೆ ಕಾಣಬಹುದು. ಎರಡನೆಯದು ಸೀಮೆ. ಭೂಮಿಗೆ ಅಂಚಿಲ್ಲ, ಲೆಕ್ಕಕ್ಕೆ ಇದೆ. ಅಂಚನ್ನು ಸರಿಯಾಗಿ ಕಲ್ಪಿಸದಿದ್ದರೆ ಹೊರಹೋಗಬೇಕಾದ ಅಲೆಯು ಹಿಂದಿರುಗುತ್ತದೆ. ಲೈಸ್ಮರ್, ಕುಲ್‌ಮೇಯರ್ ಇವರು 1969ರಲ್ಲಿ ಅಲೆಯನ್ನು ಹೀರುವ ಅಂಚನ್ನು ಸೂಚಿಸಿದುದು ಇದಕ್ಕಾಗಿಯೇ. ಮೂರನೆಯದು ಶಮನ. ಗಾರೆಯ ಗೋಡೆಯು ಕಂಪನವನ್ನು ಎಷ್ಟು ಬೇಗ ತಣಿಸುವುದೆಂಬುದು ಸೂತ್ರದಿಂದ ಹುಟ್ಟುವ ಸಂಖ್ಯೆಯಲ್ಲ. ಅದನ್ನು ಅಳೆಯಬೇಕು, ಇಲ್ಲವೆ ಊಹಿಸಬೇಕು. ಊಹಿಸಿದುದನ್ನು ಅಳೆದುದೆಂಬಂತೆ ಬರೆಯುವುದು ಅಪಪಾಠವನ್ನು ಮೂಲಪಾಠವೆಂದು ಅಚ್ಚು ಮಾಡುವುದಕ್ಕಿಂತ ಕಡಮೆಯ ದೋಷವಲ್ಲ.

ಲೆಕ್ಕದ ಫಲವು ಕೆಂಪು ಹಳದಿ ನೀಲಿ ಬಣ್ಣಗಳ ಚಿತ್ರವಾಗಿ ಹೊರಬರುತ್ತದೆ. ನೋಡುವವರ ಒಪ್ಪಿಗೆಯನ್ನು ಬಣ್ಣವೇ ದೊರಕಿಸಿಕೊಡುವಷ್ಟು ಅದು ಮನೋಹರ. ರಂಗದಲ್ಲಿ ಪ್ರೇಕ್ಷಕನು ಚಿತ್ರದ ಕುದುರೆಯನ್ನು ಪ್ರಶ್ನಿಸದೆ ಸವಿದರೆ ನಷ್ಟವಿಲ್ಲ. ಗೋಡೆಯ ಒಳಗೆ ಮಲಗುವವನಿಗೆ ಆ ಸೌಕರ್ಯವಿಲ್ಲ. ಆದುದರಿಂದ ಇಂಥ ಚಿತ್ರದ ಜೊತೆಗೆ ಅದರ ಮೂರು ಕಲ್ಪನೆಗಳೂ, ಅವುಗಳಲ್ಲೊಂದು ತಪ್ಪಿದರೆ ಫಲವೆಷ್ಟು ಬದಲಾಗುವುದೆಂಬ ಮಾತೂ, ಜನರಿಗೆ ತಿಳಿಯುವ ಕನ್ನಡದಲ್ಲಿ ಬರಬೇಕು. ಪರೀಕ್ಷೆಯ ಗಾಡಿಯು ಓಡುವ ದಿನ ಹಳೆಯ ಗೋಡೆಯೊಂದಕ್ಕೆ ಕಂಪನಮಾಪಕವನ್ನು ಜೋಡಿಸಿ, ಅಳತೆಯನ್ನು ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಅಷ್ಟಾದ ಮೇಲೆ ಭಟ್ಟತೌತನ ಆಕ್ಷೇಪಕ್ಕೆ ಉತ್ತರ ಸಿಕ್ಕಿತೆನ್ನಬಹುದು. ಅಲ್ಲಿಯವರೆಗೆ ಅದನ್ನು ಅನುಕರಣವೆನ್ನುವುದಕ್ಕಿಂತ ಉತ್ಪ್ರೇಕ್ಷೆಯೆನ್ನುವುದೇ ಶಾಸ್ತ್ರಸಮ್ಮತ.