ಆಚೆಗೂ ಈಚೆಗೂ ಅವಳೊಬ್ಬಳೇ: ‘ಲೂಸಿಯಾ’ಕ್ಕೆ ಒಂದು ಟೀಕೆ

ಮುಂಬಯಿಯ ಬೊರಿವಲಿಯ ಗೆಳೆಯರಿಗೆ ‘ಲೂಸಿಯಾ’ ಚಿತ್ರದ ಕಥೆ ಹೇಳುತ್ತ ಹೋದರೆ ಲೋಕಲ್ ಚರ್ಚ್‌ಗೇಟ್ ಮುಟ್ಟಿರುತ್ತದೆ, ಕಥೆ ಮುಗಿದಿರುವುದಿಲ್ಲ. ಅದಕ್ಕೇ ನಾಲ್ಕು ಸಾಲು ಕಟ್ಟಿಕೊಟ್ಟೆ. ತಲೆಬುಡ ತಿಳಿಯಲಿಲ್ಲ ಎಂದರು. ಹಾಗಾಗಿ ಟೀಕೆಯೂ ನನ್ನದೇ. ತಿರುವು ಇಲ್ಲಿ ಬಯಲಾಗುತ್ತದೆ. ಚಿತ್ರ ನೋಡದವರು ನೋಡಿಯೇ ಓದಲಿ.

ಟಾರ್ಚು ಹಿಡಿದವಗೆ ಕಣ್ಣಿಗೆ ನಿದ್ದೆಯಿಲ್ಲ,
ಗುಳಿಗೆ ನುಂಗಿದವಗೆ ಕನಸಿಗೆ ಕೊನೆಯಿಲ್ಲ;
ಬಣ್ಣದ್ದೆಲ್ಲ ಸುಳ್ಳು, ಕಪ್ಪು-ಬಿಳುಪೇ ಬಾಳು,
ಆಚೆಗೂ ಈಚೆಗೂ ಅವಳೊಬ್ಬಳೇ.

ಟಾರ್ಚು ಹಿಡಿದವಗೆ: ಇವನು ನಿಕ್ಕಿ. ಬೆಂಗಳೂರಿನ ಹಳೇ ಟಾಕೀಸಿನಲ್ಲಿ, ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಸೀಟು ತೋರಿಸುವುದು ಇವನ ಕೆಲಸ. ಪಾತ್ರ ಸತೀಶ್ ನೀನಾಸಂ ಅವರದು. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರಿರುವ ಮುಂಬಯಿ ಕನ್ನಡಿಗರಿಗೆ ಇವನ ಪರಿಚಯ ಮಾಡಿಸಬೇಕಿಲ್ಲ. ಟಾಕೀಸಿನ ಯಜಮಾನ ಶಂಕ್ರಣ್ಣನಾಗಿ ಅಚ್ಯುತ್ ಕುಮಾರ್ ಇದ್ದಾರೆ.

ಗುಳಿಗೆ ನುಂಗಿದವಗೆ: ನಿದ್ದೆಗೆಟ್ಟ ನಿಕ್ಕಿಗೆ ಸಿಗುವ ಮಾತ್ರೆಯ ಹೆಸರೇ ಲೂಸಿಯಾ. ಅದನ್ನು ನುಂಗಿದರೆ ಬೇಕಾದ ಕನಸು ಬೀಳುತ್ತದೆ, ನಿನ್ನೆ ನಿಂತಲ್ಲಿಂದಲೇ ಇಂದು ಮುಂದುವರಿಯುತ್ತದೆ. ಇಂಥ ಮಾತ್ರೆ ಬರೀ ಕಲ್ಪನೆ. ಕನಸು ಕಾಣುತ್ತಿದ್ದೇನೆಂದು ಕನಸಿನಲ್ಲೇ ತಿಳಿಯುವುದು ಮಾತ್ರ ನಿಜ: 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್, ನಿದ್ರಿಸುತ್ತಿದ್ದವನೊಬ್ಬ ಮೊದಲೇ ಗೊತ್ತುಮಾಡಿಕೊಂಡಂತೆ ಕಣ್ಣುಗುಡ್ಡೆ ಹೊರಳಿಸಿ ಕೊಟ್ಟ ಸನ್ನೆಯನ್ನು ದಾಖಲಿಸಿದರು.

ಬಣ್ಣದ್ದೆಲ್ಲ ಸುಳ್ಳು: ಚಿತ್ರದ ಜೀವ ಇರುವುದೇ ಈ ಸಾಲಿನಲ್ಲಿ. ನಿಕ್ಕಿಯ ಬದುಕು ಬಣ್ಣದಲ್ಲಿದೆ, ಅವನು ಕಾಣುವ ಸಿನಿಮಾ ತಾರೆಯ ಕನಸು ಕಪ್ಪು-ಬಿಳುಪಿನಲ್ಲಿದೆ. ಕನಸು, ನೆನಪು ಎಂದರೆ ಕಪ್ಪು-ಬಿಳುಪು ಎಂಬ ಸಿನಿಮಾದ ಹಳೇ ರೂಢಿಯನ್ನು ನಂಬಿ ನಾವು ನಿಶ್ಚಿಂತೆಯಿಂದ ಕೂತಿರುತ್ತೇವೆ. ನಿರ್ದೇಶಕ ಪವನ್ ಕುಮಾರ್ ಆ ನಂಬಿಕೆಯ ಬುಡಕ್ಕೇ ಕೈ ಹಾಕುತ್ತಾರೆ: ನಿಜವಾಗಿ ಇರುವವನು ತಾರೆ ನಿಖಿಲ್, ಯಾರೂ ಗುರುತಿಸದ ಟಾರ್ಚಿನ ಹುಡುಗನಾಗಿ ಬದುಕುವುದು ಅವನು ಮಾತ್ರೆ ನುಂಗಿ ಕಾಣುವ ಕನಸು.

ಇಲ್ಲಿ 2004ರ ‘ಇಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ ನೆನಪಾಗದೆ ಇರದು. ಅದರಲ್ಲಿ ಜಿಮ್ ಕ್ಯಾರಿಯ ಜೋಯೆಲ್, ಮುರಿದ ಪ್ರೀತಿಯ ನೆನಪನ್ನೇ ಯಂತ್ರದಿಂದ ಅಳಿಸಿಕೊಳ್ಳುತ್ತಾನೆ. ಇತ್ತೀಚಿನದು ಮೊದಲು ಅಳಿಯುತ್ತದೆ. ಹೀಗಾಗಿ ಜಗಳಗಳು ಹೋಗಿ ಮೊದಮೊದಲ ಸುಖದ ದಿನಗಳು ಎದುರಾದಾಗ, ಇದೊಂದಾದರೂ ಉಳಿಯಲಿ ಎಂದು ಒದ್ದಾಡುತ್ತಾನೆ. ಅಲ್ಲಿ ಕಾಲ ತಿಳಿಯಲು ಕೇಟ್ ವಿನ್ಸ್ಲೆಟ್‌ಳ ಕೂದಲಿನ ಬಣ್ಣ ನೋಡಬೇಕು. ಇಲ್ಲಿ ಲೋಕ ತಿಳಿಯಲು ಇಡೀ ಪರದೆಯ ಬಣ್ಣ. ಜೋಯೆಲ್ ಇದ್ದದ್ದನ್ನು ಕಳೆಯಹೊರಟವನು. ನಿಖಿಲ್ ತನ್ನದಲ್ಲದ ಬಡತನವನ್ನೂ ಅದರೊಳಗಿನ ಪ್ರೀತಿಯನ್ನೂ ಕನಸಿನಲ್ಲಿ ಕಡ ತಂದವನು. ಇವನ ಆಸೆಯೇ ನನಗೆ ಹೆಚ್ಚು ವಿಚಿತ್ರವಾಗಿ, ಹೆಚ್ಚು ನಮ್ಮದಾಗಿ ಕಾಣುತ್ತದೆ. ಬೊರಿವಲಿಯ ಫ್ಲ್ಯಾಟಿನಲ್ಲಿ ಫ್ಯಾನಿನಡಿ ಮಲಗಿ, ಕುಂದಾಪುರದ ಸೋರುವ ಮಾಡನ್ನು ಹಂಬಲಿಸುವವರು ನಮ್ಮಲ್ಲಿ ಕಡಿಮೆಯೇ?

ಅವಳೊಬ್ಬಳೇ: ಶ್ವೇತಾ, ಅಂದರೆ ಶ್ರುತಿ ಹರಿಹರನ್. ಬಣ್ಣದಲ್ಲಿ ಪಿಜ್ಜಾ ಅಂಗಡಿಯ ಹುಡುಗಿ, ಕಪ್ಪು-ಬಿಳುಪಿನಲ್ಲಿ ರೂಪದರ್ಶಿ. ಹೆಸರೂ ಬದಲಾಗಿಲ್ಲ. ಹೆಸರು, ಹಣ, ಕಸುಬು ಎಲ್ಲವನ್ನೂ ಕಳಚಿಟ್ಟು ಹೋದವನು ಇವಳನ್ನು ಬಿಡದೆ ಜೊತೆಗೊಯ್ದಿದ್ದಾನೆ. ಪ್ರೀತಿಯ ಬಗ್ಗೆ ಚಿತ್ರ ಆಡುವ ಬಲವಾದ ಮಾತು ಇದೇ, ಅದೂ ಸಂಭಾಷಣೆಯ ನೆರವಿಲ್ಲದೆ.

ನೂರಕ್ಕೂ ಹೆಚ್ಚು ಪ್ರೇಕ್ಷಕರು ಸೇರಿ ಕೊಟ್ಟ ಸುಮಾರು 50 ಲಕ್ಷ ರೂಪಾಯಿಯಲ್ಲಿ ಸಿದ್ಧವಾದ ಈ ಚಿತ್ರ, 2013ರ ಸೆಪ್ಟೆಂಬರ್‌ನಲ್ಲಿ ತೆರೆಗೆ ಬಂತು. ಅದಕ್ಕೂ ಮೊದಲೇ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದಿತ್ತು. 2015ರಲ್ಲಿ ತಮಿಳಿಗೂ ಹೋಯಿತು. ನೀವು ಕನ್ನಡದ್ದನ್ನೇ ನೋಡಿ, ಎರಡು ಸಲ ನೋಡಿ.