ಇನ್ನೊಂದು ಸಲ ನೋಡಿ ಬರ್ತೀನಿ

ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ ಹೊರಡುವುದು ಎಲ್ಲರ ಮನೆಯಲ್ಲೂ ಇರುವ ರೂಢಿ. ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಆಫ್ ಆಗಿದೆಯೇ ಎಂದು ಮುಟ್ಟಿ ನೋಡುವುದು ಜವಾಬ್ದಾರಿಯೇ. ತೊಂದರೆ ಶುರುವಾಗುವುದು ನೋಡಿ ಬಂದದ್ದು ಸಾಲದೆ ಹೋದಾಗ. ಬಸ್‌ಸ್ಟಾಪಿನವರೆಗೆ ಹೋದವರು ತಿರುಗಿ ಬರುತ್ತಾರೆ. ಬೈಕಿನಲ್ಲಿ ಹೋಗುವಾಗ ಗುಂಡಿಗೆ ಚಕ್ರ ಇಳಿದರೆ ಯಾರಿಗೋ ಡಿಕ್ಕಿ ಹೊಡೆದೆನೇನೋ ಎಂದು ಅದೇ ರಸ್ತೆಯಲ್ಲಿ ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಇಂಥದ್ದು ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ನುಂಗಿದರೆ, ಅಥವಾ ಕೆಲಸ, ಓದು, ಸಂಸಾರಕ್ಕೆ ಅಡ್ಡ ಬಂದರೆ ವೈದ್ಯರು ಅದನ್ನು ಗೀಳುರೋಗ, ಅಂದರೆ ಒಸಿಡಿ ಎಂದು ಗುರುತಿಸುತ್ತಾರೆ. ಕಾಣುವ ಹಾಗೆ ತಪಾಸಣೆ ಮಾಡದವರೂ ಇದ್ದಾರೆ. ಅವರು ಕೂತಲ್ಲೇ ಮನಸ್ಸಿನಲ್ಲಿ ನಡೆದದ್ದನ್ನೆಲ್ಲ ಮೊದಲಿಂದ ತಿರುವಿ ಹಾಕುತ್ತಿರುತ್ತಾರೆ. ಮನೆಯವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಈ ಕಾಯಿಲೆಗೆ ಇರುವ ಮಾತಿನ ಚಿಕಿತ್ಸೆಗಳಲ್ಲಿ ಮುಖ್ಯವಾದದ್ದು ಇಆರ್‌ಪಿ. ಭಯ ಹುಟ್ಟಿಸುವ ಸಂದರ್ಭಕ್ಕೆ ಬೇಕೆಂದೇ ಎದುರಾಗಿ, ತಪಾಸಣೆ ಮಾಡದೆ ನಿಲ್ಲುವುದು ಅದರ ಕ್ರಮ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ಮೇಲೆ ಇದು ಫಲ ಕೊಟ್ಟದ್ದನ್ನು ವರದಿ ಮಾಡಿದ. ಆ ಮೇಲೆ ಸ್ಟಾನ್ಲಿ ರಾಕ್‌ಮನ್ ಮತ್ತು ಸಂಗಡಿಗರು ಅದನ್ನು ವ್ಯವಸ್ಥಿತವಾಗಿ ಬೆಳೆಸಿದರು. ಉದಾಹರಣೆಗೆ, ಬೀಗ ಹಾಕಿದ ಮೇಲೆ ಒಂದೇ ಸಲ ನೋಡಿ ಹೊರಡಬೇಕು. ಕಳವಳ ಏರಿದರೂ ತಿರುಗಿ ಹೋಗಬಾರದು. ಕೇಳುವವರಿಗೆ ಇದು ಕ್ರೂರ ಅನ್ನಿಸುತ್ತದೆ. ಹಾಗಾದರೆ ಇದನ್ನು ಒಳ್ಳೆಯ ಚಿಕಿತ್ಸೆ ಎಂದು ಹೇಗೆ ಒಪ್ಪುವುದು?

ನಾನು ಒಪ್ಪುವುದಕ್ಕೆ ಕಾರಣ ಒಂದು ಪ್ರಯೋಗ. 2003ರಲ್ಲಿ ನೆದರ್ಲೆಂಡ್ಸಿನ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಪ್ರಕಟಿಸಿದ್ದು. ಯಾವ ಗೀಳೂ ಇಲ್ಲದ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯ ಮುಂದೆ ಕೂರಿಸಿದರು. ಒಲೆಯ ಗುಬ್ಬಿ ತಿರುಗಿಸಿ ಹಚ್ಚುವುದು, ಆರಿಸುವುದು, ಆರಿದೆಯೇ ಎಂದು ನೋಡುವುದು ಅವರ ಕೆಲಸ. ಒಂದು ಗುಂಪು ಅದೇ ಒಲೆಯನ್ನು 20 ಸಲ ನೋಡಿತು. ಇನ್ನೊಂದು ಗುಂಪು ನಡುವೆ ಬಲ್ಬುಗಳನ್ನು ನೋಡುತ್ತಿದ್ದು, ಕೊನೆಗೆ ಒಲೆಗೆ ಬಂತು. ಕೊನೆಯ ಸಲ ಯಾವ ಗುಬ್ಬಿಗಳನ್ನು ನೋಡಿದಿರಿ ಎಂದಾಗ ಎರಡೂ ಗುಂಪುಗಳು ಕೊಟ್ಟ ಉತ್ತರದ ನಿಖರತೆಯಲ್ಲಿ ಅಂತರವಿರಲಿಲ್ಲ. ಆದರೆ ಒಲೆಯನ್ನೇ ಮತ್ತೆಮತ್ತೆ ನೋಡಿದವರಿಗೆ ಆ ನೆನಪು ಮಸುಕಾಗಿತ್ತು, ವಿವರ ಕಳೆದುಕೊಂಡಿತ್ತು, ತಮ್ಮ ನೆನಪಿನ ಮೇಲೆ ಅವರಿಗೆ ನಂಬಿಕೆ ಕುಸಿದಿತ್ತು. 2006ರಲ್ಲಿ ಕೆನಡಾದ ಆಡಮ್ ರಾಡೊಮ್ಸ್ಕಿ ಮತ್ತು ಜೊತೆಗಾರರು ನಿಜವಾದ ಅಡುಗೆಮನೆಯ ಒಲೆಯ ಮುಂದೆ ಇದನ್ನೇ ಮಾಡಿ ನೋಡಿದಾಗಲೂ ನಂಬಿಕೆ ಕುಸಿಯಿತು.

ಇದರ ಅರ್ಥ ಏನೆಂದು ನಿಂತು ಯೋಚಿಸಬೇಕು. ನೆನಪಿನ ಶಕ್ತಿ ಕೆಟ್ಟಿದೆ, ಅದಕ್ಕೇ ಇವನು ಹತ್ತು ಸಲ ನೋಡುತ್ತಾನೆ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ನಡೆಯುವುದು ತಿರುಗಾಮುರುಗಾ. ಹತ್ತು ಸಲ ನೋಡಿದ್ದರಿಂದಲೇ ನೆನಪಿನ ಮೇಲಿನ ಭರವಸೆ ಹೋಗುತ್ತದೆ. ಪ್ರತಿ ಸಲ ಒಂದೇ ಚಿಲಕ, ಒಂದೇ ಬೆರಳು, ಒಂದೇ ಸದ್ದು; ಯಾವುದು ಈಗಿನದು, ಯಾವುದು ಆಗಿನದು ಎಂದು ಬಿಡಿಸಲಾಗದೆ ಮನಸ್ಸು ಇನ್ನೊಂದು ಸಲ ಕೇಳುತ್ತದೆ. ಉಪ್ಪುನೀರು ಕುಡಿದು ಬಾಯಾರಿಕೆ ನೀಗಿಸಿಕೊಳ್ಳಲು ಹೊರಟ ಹಾಗೆ.

ಹಳೆಯ ಬಗೆಯ ಇಆರ್‌ಪಿಯಲ್ಲಿ ನನಗೆ ಕೊರತೆಯಾಗಿ ಕಾಣುವುದೂ ಈ ವಿವರಣೆಯೇ. ಕಳವಳ ತಾನಾಗಿ ಇಳಿಯುತ್ತದೆ, ಸಹಿಸಿಕೊಳ್ಳಿ ಎಂದಷ್ಟೇ ಹೇಳಿದರೆ ರೋಗಿಯ ಕಿವಿಗೆ ಅದು ಆಜ್ಞೆಯ ಹಾಗೆ ಬೀಳುತ್ತದೆ. ತಪಾಸಣೆಯೇ ನಿಮ್ಮ ಅನುಮಾನವನ್ನು ಬೆಳೆಸುತ್ತಿದೆ ಎಂದು ಮೊದಲು ವಿವರಿಸಿ, ಬೇಕಿದ್ದರೆ ಒಂದು ದಿನ ಹೆಚ್ಚು ನೋಡಿ, ಒಂದು ದಿನ ಕಡಿಮೆ ನೋಡಿ, ಯಾವ ದಿನ ಅನುಮಾನ ಹೆಚ್ಚಿತ್ತು ಬರೆದಿಡಿ ಎಂದರೆ ಅವರೇ ಪರೀಕ್ಷಕರಾಗುತ್ತಾರೆ. ಇಷ್ಟು ಗೌರವಕ್ಕೆ ರೋಗಿ ಅರ್ಹ.

ಫಲದ ಮಾತಿಗೆ ಬಂದರೆ, ಎಡ್ನಾ ಫೋವಾ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಆರ್‌ಪಿ ಶುರುಮಾಡಿದವರಲ್ಲಿ ಶೇ. 62 ಮಂದಿಗೆ, ಕ್ಲೋಮಿಪ್ರಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 42 ಮಂದಿಗೆ, ಎರಡೂ ಪಡೆದವರಲ್ಲಿ ಶೇ. 70 ಮಂದಿಗೆ ಗುಣ ಕಂಡಿತು. ಹುಸಿಮಾತ್ರೆಯವರಲ್ಲಿ ಶೇ. 8. ಆದರೆ ಅಲ್ಲಿ ಎರಡೆರಡು ಗಂಟೆಯ 15 ಭೇಟಿಗಳು ಮೂರು ವಾರದಲ್ಲೇ ನಡೆದಿದ್ದವು. ತಾಲ್ಲೂಕಿನಿಂದ ಬಸ್ಸು ಹಿಡಿದು ಬರುವವರಿಗೆ ಇದು ಎಲ್ಲಿ ಸಿಕ್ಕೀತು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳುರೋಗಕ್ಕೇ ಮೀಸಲಾದ ಚಿಕಿತ್ಸಾಲಯವಿದೆ. ಅದರಿಂದ ದೂರ ಹೋದಂತೆಲ್ಲ ಚಿಕಿತ್ಸೆ ಮಾತ್ರೆಯ ಚೀಟಿಗೆ ಇಳಿಯುತ್ತದೆ. ಮಾತ್ರೆಯನ್ನು ನಾನು ಕಡೆಗಣಿಸುತ್ತಿಲ್ಲ. ಫ್ಲುಯಾಕ್ಸೆಟಿನ್, ಸರ್ಟ್ರಲಿನ್‌ನಂಥವು ಬಹಳ ಜನರಿಗೆ ನೆರವಾಗುತ್ತವೆ. ಈ ಕಾಯಿಲೆಗೆ ಅವು ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗಬಹುದು, ಫಲ ತಿಳಿಯಲು 8ರಿಂದ 12 ವಾರ ಹಿಡಿಯಬಹುದು. ಇದನ್ನು ಬಿಡಿಸಿ ಹೇಳುವವರಿಲ್ಲದೆ ಮೂರನೇ ವಾರಕ್ಕೇ ಮಾತ್ರೆ ಬಿಟ್ಟರೆ ತಪ್ಪು ರೋಗಿಯದಲ್ಲ.

ಇನ್ನು ಮನೆಯವರ ಪಾಲು. “ನಾನೇ ನೋಡಿದೀನಿ ಕಣಮ್ಮ, ಬೀಗ ಹಾಕಿದೆ” ಎಂದು ದಿನಾ ಹೇಳುವ ಗಂಡನ ಮಾತಿನಲ್ಲಿ ಪ್ರೀತಿಯಿದೆ. ಆದರೆ ಆ ಮಾತೂ ಒಂದು ತಪಾಸಣೆಯೇ, ಅವನ ಬಾಯಿಂದ ಆದದ್ದು ಅಷ್ಟೆ. ಹೊರಡುವಾಗ ಬೀಗದ ಫೋಟೊ ಹೊಡೆದುಕೊಳ್ಳುವ ಉಪಾಯವೂ ಹಾಗೆಯೇ: ನಾಳೆ ಆ ಫೋಟೊವನ್ನೇ ಇಪ್ಪತ್ತು ಸಲ ತೆಗೆದು ನೋಡುವಂತಾಗುತ್ತದೆ. ಹಾಗೆಂದು ಒಂದೇ ದಿನಕ್ಕೆ ಉತ್ತರ ನಿಲ್ಲಿಸಿ ಗದರುವುದು, ಬೀಗದ ಕೈ ಕಿತ್ತಿಟ್ಟುಕೊಳ್ಳುವುದು ಚಿಕಿತ್ಸೆಯಾಗದು. ರೋಗಿ ಒಪ್ಪಿ, ಚಿಕಿತ್ಸಕರೊಡನೆ ಮೆಟ್ಟಿಲು ಮೆಟ್ಟಿಲಾಗಿ ಗೊತ್ತುಮಾಡಿಕೊಂಡದ್ದಷ್ಟೇ ಇಆರ್‌ಪಿ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬಾಗಿಲ ಬಳಿ ಸಿಕ್ಕಿಬಿದ್ದಿದ್ದರೆ “ಮನಸ್ಸು ಗಟ್ಟಿ ಮಾಡ್ಕೋ” ಎನ್ನಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಮನೋವೈದ್ಯರನ್ನು ಕಂಡಾಗ ಮಾತ್ರೆಯ ಚೀಟಿಯನ್ನಷ್ಟೇ ಪಡೆದು ಎದ್ದು ಬರಬೇಡಿ. ಇಆರ್‌ಪಿ ಕೊಡುವವರು ಹತ್ತಿರದಲ್ಲಿ ಯಾರಿದ್ದಾರೆ ಎಂದು ಕೇಳಿ.