ಶರೀಫರ ಮಾಳಿಗಿಯ ಮೇಲೆ ಗಿಟಾರು

ಕನ್ನಡದ ರಾಕ್ ಸಂಗೀತದ ಬಗ್ಗೆ ಮಾತು ಎತ್ತಿದರೆ ಅದು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದು ಆಲ್ಬಂನ ಹತ್ತಿರ ಬಂದು ನಿಲ್ಲುತ್ತದೆ: 2008ರಲ್ಲಿ ಬಂದ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ ತಮ್ಮದೇ ಕಂಪನಿಯಿಂದ ಅದನ್ನು ಹೊರತಂದರು. ಒಟ್ಟು ಎಂಟು ಹಾಡು. ಒಂದು ಇಂಗ್ಲಿಷಿನದು, ಕನ್ನಡದವು ಎರಡು, ಮಿಕ್ಕವು ಹಿಂದಿ. ಆ ಎರಡು ಕನ್ನಡದ ಹಾಡುಗಳು 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಎರಡೂ ಶಿಶುನಾಳ ಶರೀಫರವು. ಈ ಲೆಕ್ಕವನ್ನು ಮೊದಲೇ ಕೊಟ್ಟಿದ್ದೇನೆ, ಏಕೆಂದರೆ ನನ್ನ ತಕರಾರು ಇರುವುದು ಇದರಲ್ಲೇ. ಆದರೆ ಸಾಮಾನ್ಯವಾಗಿ ಕೇಳಿಬರುವ ತಕರಾರು ಬೇರೆ. ಅದನ್ನು ಮೊದಲು ನೋಡೋಣ.

ತತ್ವಪದಕ್ಕೆ ಡ್ರಮ್ಸ್ ಯಾಕೆ ಎಂಬುದು ಆ ತಕರಾರು. ಶಿವಮೊಗ್ಗದಲ್ಲಿ ಇದನ್ನು ಕೇಳುವವರ ದನಿ ತುಸು ಗಟ್ಟಿಯಾಗಿಯೇ ಇರುತ್ತದೆ, ಅದಕ್ಕೆ ಕಾರಣವೂ ಇದೆ. ಶರೀಫರ ಪದಗಳನ್ನು ಸಂಪಾದಿಸಿ, ಅರ್ಥ ಬಿಡಿಸಿ, ಗಾಯಕರ ಕೈಗಿತ್ತ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಈ ಊರಿನಲ್ಲಿ ಹುಟ್ಟಿದವರು. ಸಿ. ಅಶ್ವತ್ಥರ ಸಂಯೋಜನೆಗಳಿಗೆ ದನಿಯಾದವರಲ್ಲಿ ಮುಖ್ಯರಾದ ಶಿವಮೊಗ್ಗ ಸುಬ್ಬಣ್ಣ ಹೊಸನಗರ ತಾಲ್ಲೂಕಿನವರು. ಊರನ್ನೇ ಹೆಸರಾಗಿ ಹೊತ್ತವರು. ಇವರ ಕ್ಯಾಸೆಟ್ಟುಗಳು, ಆಮೇಲೆ 1990ರಲ್ಲಿ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ, ಎಲ್ಲ ಸೇರಿ ನಮ್ಮ ಕಡೆಯ ಒಂದು ತಲೆಮಾರಿಗೆ ಶರೀಫರನ್ನು ಕೊಟ್ಟವು. ಆ ತಲೆಮಾರಿಗೆ ಶರೀಫರೆಂದರೆ ಹಾರ್ಮೋನಿಯಂ, ತಬಲ, ಮೈಕಿನ ಮುಂದೆ ಕಣ್ಣು ಮುಚ್ಚಿ ಹಾಡುವ ಒಬ್ಬ ಗಾಯಕ.

ಇದು ಶರೀಫರ ಮೂಲರೂಪವೇನಲ್ಲ. ನನ್ನ ಸಂಶೋಧನೆ ತತ್ವಪದಗಳ ಬಗ್ಗೆಯೇ ಆದ್ದರಿಂದ ಇದನ್ನು ತುಸು ಒತ್ತಿ ಹೇಳಬೇಕಾಗಿದೆ. ಭಜನೆಯ ಮನೆಯಲ್ಲಿ ತತ್ವಪದವನ್ನು ಒಬ್ಬರೇ ಹಾಡುವುದಿಲ್ಲ. ಮುಂದಿನವರು ಎತ್ತಿಕೊಡುತ್ತಾರೆ, ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಏಕತಾರಿ, ದಮ್ಮಡಿ, ತಾಳ. ಕೇಳುವವರು, ಹಾಡುವವರು ಎಂಬ ಗೆರೆ ಅಲ್ಲಿ ಅಷ್ಟು ಸ್ಪಷ್ಟವಿಲ್ಲ. ಆ ಗೆರೆಯನ್ನು ಎಳೆದದ್ದು ಸುಗಮ ಸಂಗೀತ. ಸೊಲ್ಲು ಹಿಡಿಯಬೇಕಾದವರನ್ನು ಕುರ್ಚಿಯಲ್ಲಿ ಕೂರಿಸಿ ಚಪ್ಪಾಳೆಯನ್ನಷ್ಟೇ ಅವರಿಗೆ ಬಿಟ್ಟಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಏರ್ಪಾಟಿನಿಂದಲೇ ಪದಗಳ ಅಕ್ಷರ ಅಕ್ಷರ ನಮ್ಮ ಕಿವಿಗೆ ಬಿತ್ತು. ಆದರೆ ಒಂದು ರೂಪಾಂತರವನ್ನು ಪರಂಪರೆ ಎಂದು ಪೂಜಿಸಿ ಇನ್ನೊಂದನ್ನು ಅಪಚಾರ ಎನ್ನುವುದು ಸರಿಯಲ್ಲ.

ಆ ದೃಷ್ಟಿಯಿಂದ ನೋಡಿದರೆ ರಘು ದೀಕ್ಷಿತರ ಬ್ಯಾಂಡು ಸೊಲ್ಲನ್ನು ವಾಪಸ್ ತಂದಿತು. ಅವರ ದನಿ ತೆರೆದ ಗಂಟಲಿನದು, ಬಯಲಿಗೆ ಕೂಗುವಂಥದು. ಪಲ್ಲವಿ ಬಂದಾಗ ಅದು ಕೇಳುಗರ ಬಾಯಿಗೆ ತಾನಾಗಿ ಬರುತ್ತದೆ. ಒಂದು ವರ್ಷ ಭದ್ರಾವತಿಯ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದ ಹುಡುಗರು 'ಸೋರುತಿಹುದು' ಹಾಡಿದರು. ಅಶ್ವತ್ಥರ ಧಾಟಿಯಲ್ಲಲ್ಲ, ಈ ಆಲ್ಬಂನ ಧಾಟಿಯಲ್ಲಿ. ಟಾರ್ಪಾಲಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಕೆಳಗೆ ನಿಂತವರು, ಅವರಲ್ಲಿ ಎಷ್ಟು ಜನ ಶರೀಫರ ಹೆಸರು ಕೇಳಿದ್ದರೋ, ಒಂದೇ ದನಿಯಲ್ಲಿ ಪಲ್ಲವಿ ಹಿಡಿದರು. ಯಾವ ಸುಗಮ ಸಂಗೀತ ಕಾರ್ಯಕ್ರಮದಲ್ಲೂ ನಾನು ಇದನ್ನು ಕಂಡಿಲ್ಲ.

ಹಾಗಾದರೆ ಆಲ್ಬಂ ಕಳೆದುಕೊಂಡದ್ದೇನು? ಚರಣಗಳನ್ನು. 'ಮಾಳಿಗಿ' ಎಂದಾಗ ನಮ್ಮ ಮಲೆನಾಡಿನ ವಿದ್ಯಾರ್ಥಿಗಳು ಹಂಚಿನ ಮಾಡನ್ನು ಕಲ್ಪಿಸಿಕೊಳ್ಳುತ್ತಾರೆ. ಹಂಚಿನ ಮನೆ ಸೋರುವ ರೀತಿ ಬೇರೆ: ಒಂದು ಹಂಚು ಜಾರಿರುತ್ತದೆ ಅಥವಾ ಒಡೆದಿರುತ್ತದೆ, ಏಣಿ ಹಾಕಿ ಹತ್ತಿ ಬದಲಿಸಿದರೆ ಮುಗಿಯಿತು. ಶರೀಫರದು ಬಯಲುಸೀಮೆಯ ಮಣ್ಣಿನ ಮಾಳಿಗಿ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮೆತ್ತಿದ ಮಣ್ಣು. ವರ್ಷ ವರ್ಷ ಮಣ್ಣು ಹಾಕಿ ಗಟ್ಟಿಮಾಡದಿದ್ದರೆ ಬಿರುಕು ಬಿಡುತ್ತದೆ, ಹುಲ್ಲು ಬೇರು ಬಿಡುತ್ತದೆ, ಇರುವೆ ಗೂಡು ಕಟ್ಟುತ್ತದೆ. ಆ ಮೇಲೆ ಅದು ಇಂಥದೇ ಜಾಗದಲ್ಲಿ ಸೋರುತ್ತದೆ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಮಾಳಿಗಿಗೆ ಮಾಳಿಗಿಯೇ ನೆನೆದು ಇಳಿಯುತ್ತದೆ. ಪದದ ಚರಣಗಳು ಇದೇ ವಿವರಗಳ ಮೇಲೆ ನಡೆಯುತ್ತವೆ. ಹುಳುಕು ಹಿಡಿದ ಮರ, ಸಡಿಲವಾದ ಕೀಲು, ಹುಲ್ಲು, ಇರುವೆ, ಕಡೆಗೆ ಹುಬ್ಬೆ ಮಳೆ. ಹುಬ್ಬೆ ಬರುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ, ಗಣಪತಿ ಹಬ್ಬದ ಆಸುಪಾಸು. ಅಷ್ಟು ಹೊತ್ತಿಗೆ ಮಾಳಿಗಿ ನೆನೆದು ನೆನೆದು ಸೋತಿರುತ್ತದೆ.

ಪಲ್ಲವಿಯಲ್ಲಿ ಅದು ಬರೀ ಮನೆ. ಮೊದಲ ಚರಣ ದಾಟಿ ಪಲ್ಲವಿಗೆ ಮರಳಿದಾಗ ಅದು ಮೈ ಇರಬಹುದೇ ಎಂಬ ಅನುಮಾನ. ಇನ್ನೊಂದು ಚರಣ ಕಳೆದರೆ ಆ ಅನುಮಾನ ಗಟ್ಟಿ. ಅಂಕಿತದ ಹೊತ್ತಿಗೆ, ಶಿಶುನಾಳಧೀಶನ ಹೆಸರು ಬಂದಾಗ, ಸೋರುವ ಮನೆಯೊಳಗೆ ಕೂತೇ ಒಂದು ಭರವಸೆ. ಅಂದರೆ ತತ್ವಪದದಲ್ಲಿ ಪಲ್ಲವಿ ಮರಳಿದಾಗಲೆಲ್ಲ ಅರ್ಥ ಬೆಳೆದಿರುತ್ತದೆ. ಆಲ್ಬಂನಲ್ಲಿ ಪಲ್ಲವಿ ಮರಳಿದಾಗ ಬೆಳೆದಿರುವುದು ಸದ್ದು. ಅಲ್ಲಿ ಚರಣಗಳು ಎರಡು ಪಲ್ಲವಿಗಳ ನಡುವೆ ಉಸಿರು ತೆಗೆದುಕೊಳ್ಳುವ ಜಾಗದಂತೆ ಕೇಳಿಸುತ್ತವೆ. ತತ್ವಪದಕ್ಕೂ ರಾಕ್ ಹಾಡಿಗೂ ಇರುವ ನಿಜವಾದ ಜಗಳ ಇದು, ಗಿಟಾರು ಡ್ರಮ್ಸುಗಳದ್ದಲ್ಲ. 'ಗುಡುಗುಡಿ'ಯಲ್ಲಿ ಈ ನಷ್ಟ ಅಷ್ಟಾಗಿ ತಟ್ಟುವುದಿಲ್ಲ. ಹುಕ್ಕಾ ಸೇದಲು ಕರೆಯುವ ಆ ಪದಕ್ಕೆ ಒಂದು ಲಹರಿ ಮೊದಲೇ ಇದೆ, ಬ್ಯಾಂಡಿಗೂ ಅದೇ ಬೇಕಾಗಿತ್ತು.

ಈಗ ಭಾಷೆಯ ಲೆಕ್ಕಕ್ಕೆ ಬರುತ್ತೇನೆ. ಇದಕ್ಕೆ ದೂರದ ಒಂದು ಬ್ಯಾಂಡನ್ನು ಪಕ್ಕದಲ್ಲಿಟ್ಟು ನೋಡಬೇಕು. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 1986ರಲ್ಲಿ ಶುರುವಾದ ಶುಗರ್‌ಕ್ಯೂಬ್ಸ್. ಹಾಡುಗಾರ್ತಿ ಬಿಯೋರ್ಕ್. ಗಿಟಾರಿಸ್ಟ್ ಥೋರ್ ಎಲ್ಡನ್ 'ಮೆಡೂಸಾ' ಎಂಬ ಸರ್ರಿಯಲಿಸ್ಟ್ ಕವಿಗಳ ಗುಂಪಿನವನು. ಆಗ ಆ ದೇಶದ ಜನಸಂಖ್ಯೆ ಸುಮಾರು 2.5 ಲಕ್ಷ. ಅವರೂ ಹೊರಗಿನ ಮಾರುಕಟ್ಟೆಗಾಗಿ ಇಂಗ್ಲಿಷಿಗೆ ಹೋದರು. 1988ರ 'ಲೈಫ್ಸ್ ಟೂ ಗುಡ್' ಇಂಗ್ಲಿಷ್ ಆಲ್ಬಂ. ಆದರೆ ಅವರಿಗೆ ಹೆಸರು ತಂದ 'ಬರ್ತ್‌ಡೇ' ಮೊದಲು ಬಂದದ್ದು ಐಸ್‌ಲ್ಯಾಂಡಿಕ್‌ನಲ್ಲಿ, 'ಅಮ್ಮೈಲಿ' ಎಂಬ ಹೆಸರಿನಲ್ಲಿ. ಐದು ವರ್ಷದ ಹುಡುಗಿಯೊಬ್ಬಳ ವಿಚಿತ್ರ ಲೋಕದ ಹಾಡು ಅದು. 1989ರ ಎರಡನೇ ಆಲ್ಬಂ ಕೂಡ 'ಇಟ್ಲೂರ್ ಆರ್ವೂರ್' ಎಂದು ಅವರ ಭಾಷೆಯಲ್ಲಿ ಬೇರೆಯಾಗಿ ಬಂತು. ಎಂಟುನೂರು ವರ್ಷ ಹಳೆಯ ಸಾಗಾ ಕಥೆಗಳು ಮನೆಯಲ್ಲೇ ಇದ್ದವು. ಅವನ್ನು ಎತ್ತಿಕೊಂಡು ಗಿಟಾರು ಕಟ್ಟಲಿಲ್ಲ. ತಮ್ಮ ತಲೆಗೆ ಹೊಳೆದದ್ದನ್ನು ತಮ್ಮ ನುಡಿಯಲ್ಲಿ ಮೊದಲು ಹೇಳಿದರು.

ರಘು ದೀಕ್ಷಿತರ ಆಲ್ಬಂನಲ್ಲಿ ಇದು ತಿರುಗುಮುರುಗಾಗಿದೆ. ಪ್ರೀತಿ, ಹಂಬಲ, ದೇವರೊಂದಿಗಿನ ಜಗಳ, ಹೀಗೆ ಇವತ್ತಿನ ಮನುಷ್ಯ ಮಾತಾಡುವುದೆಲ್ಲ ಹಿಂದಿ, ಇಂಗ್ಲಿಷಿನಲ್ಲಿ. ಮೈಸೂರಿನಿಂದ ಬಂದ ಹುಡುಗಿಯ ಹಾಡು ಕೂಡ ಹಿಂದಿ. ಕನ್ನಡ ಬರುವುದು 1889ರಲ್ಲಿ ತೀರಿಕೊಂಡ ಶರೀಫರ ಬಾಯಿಂದ ಮಾತ್ರ. ಮನೆಯ ಅಜ್ಜನನ್ನು ಕೂರಿಸಿ ಕಾಲಿಗೆ ಬಿದ್ದು, ಮಾತುಕತೆಯನ್ನೆಲ್ಲ ಬೇರೆ ಕೋಣೆಯಲ್ಲಿ ಬೇರೆ ಭಾಷೆಯಲ್ಲಿ ನಡೆಸಿದ ಹಾಗೆ. 4 ಕೋಟಿಗೂ ಹೆಚ್ಚು ಜನರ ತಾಯ್ನುಡಿಗೆ ಸಿಕ್ಕ ಜಾಗ ಅದು. ಮಾರುಕಟ್ಟೆಯ ಒತ್ತಡ ನನಗೂ ಗೊತ್ತು. ಕಂಪನಿ ಮುಂಬೈಯದು, ಕೇಳುಗರು ದೇಶದ ತುಂಬ. ಆದರೂ ಇದು ಒಂದು ಬ್ಯಾಂಡಿನ ಸಂಗತಿಯಾಗಿ ಉಳಿಯಲಿಲ್ಲ. ಬೆಂಗಳೂರಿನದೇ ಸ್ವರಾತ್ಮ ಬ್ಯಾಂಡು 2009ರ ಆಲ್ಬಂನಲ್ಲಿ ಕಾವೇರಿ ವಿವಾದವನ್ನು ಹಾಡು ಮಾಡಿತು. ವಸ್ತು ನಮ್ಮ ನದಿ, ನಮ್ಮ ಜಗಳ. ಹಾಡಿನ ಹೆಸರು 'ಪ್ಯಾಸಿ', ಅದರ ಮುಖ್ಯ ಭಾಷೆ ಹಿಂದಿ. ಪೆಂಡಾಲಿನಲ್ಲಿ ಹಾಡಿದ ಆ ಹುಡುಗರನ್ನು ಕಾರ್ಯಕ್ರಮ ಮುಗಿದ ಮೇಲೆ, ನೀವೇ ಬರೆದ ಹಾಡು ಇಲ್ವಾ ಎಂದು ಕೇಳಿದ್ದೆ. "ಒಂದಿದೆ ಮೇಡಂ, ಆದ್ರೆ ಹಿಂದೀಲಿದೆ" ಅಂದರು.

ಶರೀಫರನ್ನು ಹಾಡಬೇಡಿ ಎಂದು ಹೇಳುತ್ತಿಲ್ಲ. ಅವರನ್ನು ಇನ್ನೊಂದು ಬಗೆಯಲ್ಲಿ ಎತ್ತಿಕೊಳ್ಳಬಹುದಿತ್ತು. 'ಗಿರಣಿ ವಿಸ್ತಾರ ನೋಡಮ್ಮ' ಎಂದು ಅವರದೊಂದು ಪದವಿದೆ. ತಮ್ಮ ಕಣ್ಣೆದುರು ಹೊಸದಾಗಿ ಬಂದ ಗಿರಣಿಯನ್ನು, ಅದರ ಯಂತ್ರವನ್ನು, ಆ ಕಾಲದ ಸುದ್ದಿಯನ್ನು ಶರೀಫರು ತತ್ವದೊಳಕ್ಕೆ ಎಳೆದುಕೊಂಡರು. ಪರಂಪರೆಯ ರೂಪ ಹಳೆಯದು, ಒಳಗಿನ ಸರಕು ಅಂದಿನದು. ಭದ್ರಾವತಿಗೆ ಇಂಥ ಸರಕು ಬೇಕಾದಷ್ಟಿದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ. ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ತಿಂಗಳಲ್ಲೇ, ಪ್ರಕಟವಾಗಿ ಕಾರ್ಮಿಕರು ಧರಣಿ ಕೂತರು. ಪಾಳಿ ಬದಲಾಗುವಾಗ ಕೂಗುವ ಸೈರನ್ನಿಗೆ ಊಟ, ನಿದ್ದೆ ಹೊಂದಿಸಿಕೊಂಡಿದ್ದ ಊರಿನಲ್ಲಿ ಸೈರನ್ ನಿಂತರೆ ಏನಾಗುತ್ತದೆ ಎಂಬುದನ್ನು ನಮ್ಮ ಕಥೆಗಳೂ ಸರಿಯಾಗಿ ಬರೆದಿಲ್ಲ, ಹಾಡಂತೂ ದೂರ.

ಗಿರಣಿಯ ಆ ಪದವನ್ನು ಯಾವ ಬ್ಯಾಂಡಾದರೂ ಎತ್ತಿಕೊಳ್ಳಲಿ. ಚರಣಗಳನ್ನು ಅವಸರಿಸದೆ, ಒಂದೊಂದಾಗಿ, ಅಂಕಿತದವರೆಗೆ ಹಾಡಲಿ. ಮೊದಲ ಕಾರ್ಯಕ್ರಮವನ್ನು ಭದ್ರಾವತಿಯಲ್ಲೇ ಇಟ್ಟುಕೊಂಡರೆ ಸೊಲ್ಲು ಹಿಡಿಯಲು ಅಲ್ಲಿ ಜನರಿದ್ದಾರೆ.